ಭಾರತಿ ಚೇಚಿಯ ಎರಡನೆಯ ಸಾಕ್ಷಿ

ಯಾರಾದರೂ ತೀರಿಕೊಂಡ ಸುದ್ದಿ ಬಂದರೆ ಭಾರತಿ ಚೇಚಿ ಅಯ್ಯೋ ಎನ್ನುತ್ತಿರಲಿಲ್ಲ. "ಎಷ್ಟು ಗಂಟೆಗೆ?" ಎಂದು ಕೇಳುತ್ತಿದ್ದರು. ಅದಕ್ಕೆ ಉತ್ತರ ಸಿಕ್ಕಿದ ಮೇಲೆ, "ಜತೆಗೆ ಯಾರಿದ್ದರು?" ಎಂದು ಕೇಳುತ್ತಿದ್ದರು. ಈ ಎರಡು ಪ್ರಶ್ನೆ ಮುಗಿದ ನಂತರವೇ ಅವರ ಮುಖ ಸಣ್ಣದಾಗುತ್ತಿತ್ತು. ಕನ್ನಡಕ ತೆಗೆದು ಉಟ್ಟ ಮುಂಡಿನ ಅಂಚಿನಲ್ಲಿ ಒರೆಸುತ್ತಾ ಕೂತುಬಿಡುತ್ತಿದ್ದರು.

ಕಂಡವರಿಗೆ ಇದು ಕಲ್ಲಿನ ಮನಸ್ಸು ಅನ್ನಿಸುತ್ತಿತ್ತು. ನನಗೂ ಮೊದಲು ಹಾಗೆಯೇ ಅನ್ನಿಸಿತ್ತು. ಆದರೆ ಅವರು ತಿರುವನಂತಪುರದ ಒಂದು ದೊಡ್ಡ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು. ಸತ್ತ ಹೊತ್ತು ಮತ್ತು ಆಗ ಹತ್ತಿರ ಇದ್ದವರ ಹೆಸರು, ಇವೆರಡನ್ನು ಸರಿಯಾಗಿ ಬರೆದಿಡುವುದೇ ಸತ್ತವರಿಗೆ ತಾನು ಕೊಡಬಹುದಾದ ಮರ್ಯಾದೆ ಎಂದು ಅವರು ನಂಬಿದ್ದರು.

ಮಕ್ಕಳೇ, ನೀವು ಅವರನ್ನು ನೋಡಿದ್ದು ಒಂದೆರಡು ಸಲ. ದಪ್ಪ ಕನ್ನಡಕದ, ಎತ್ತರದ ಅಜ್ಜಿ ಎಂದಷ್ಟೇ ನಿಮಗೆ ನೆನಪಿರಬಹುದು. ನನಗೆ ಅವರು ಚೇಚಿ, ಎಂದರೆ ಅಕ್ಕ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ನೀವು ಮಲಯಾಳದಲ್ಲಿ ಉತ್ತರ ಕೊಡುವವರು. ಈ ಬರಹವನ್ನು ನಿಮ್ಮ ಅಮ್ಮ ಓದಿ ಹೇಳಬೇಕಾದೀತು. ಪರವಾಗಿಲ್ಲ. ಬಾಯಿಬಿಟ್ಟು ಹೇಳಲು ನನ್ನಿಂದ ಆಗದ ಒಂದು ಸಂಗತಿ ಇದರಲ್ಲಿ ಇದೆ.

ನಾವು ಉಳ್ಳೂರಿನಲ್ಲಿ ಅವರ ಮನೆಯ ಮಹಡಿಗೆ ಬಾಡಿಗೆಗೆ ಬಂದಾಗ ನಿಮ್ಮ ಅಮ್ಮನಿಗೆ ನಾಲ್ಕು ವರ್ಷ. ನಿಮ್ಮ ಅಜ್ಜ ಅಲ್ಲಿಯೇ ಹತ್ತಿರದ ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸಕ್ಕೆ ಸೇರಿದ್ದರು. ನಾನು ಕಾಸರಗೋಡಿನ ಕಡೆಯ ಹಳ್ಳಿಯವಳು, ಏಳನೆಯ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಓದಿದವಳು. ನಮ್ಮೂರು ಕೇರಳದಲ್ಲೇ ಇದ್ದರೂ ತಿರುವನಂತಪುರದ ಮಲಯಾಳ ನನ್ನ ಕಿವಿಗೆ ಬೀಳುವ ಮೊದಲೇ ಓಡಿಹೋಗುತ್ತಿತ್ತು.

ಬಂದ ಎರಡನೆಯ ವಾರ ಅಂಚೆಯವನು ರಿಜಿಸ್ಟರ್ ಕಾಗದ ತಂದು, "ಒಪ್ಪಿಡಣಂ" ಎಂದ. ಅಲ್ಲಿ ಒಪ್ಪು ಎಂದರೆ ಸಹಿ. ಸಹಿ ಹಾಕಬೇಕು ಎಂದು ಅವನು ಹೇಳಿದ್ದು. ನನಗೆ ಕೇಳಿಸಿದ್ದು ನಮ್ಮ ಒಪ್ಪು. ಏನನ್ನೋ ಒಪ್ಪಿಕೊಳ್ಳಬೇಕು ಎಂದುಕೊಂಡು "ಒಪ್ಪಿದೆ" ಎಂದು ತಲೆಯಾಡಿಸಿದೆ. ಅವನು ಪೆನ್ನು ಚಾಚಿದ. ನಾನು ಇನ್ನೂ ಸ್ವಲ್ಪ ಜೋರಾಗಿ "ಒಪ್ಪಿದೆ" ಎಂದೆ. ಕೆಳಗಿನ ಜಗಲಿಯಲ್ಲಿ ಕೂತಿದ್ದ ಚೇಚಿ ನಕ್ಕ ನಗುವಿಗೆ ಎದುರು ಮನೆಯ ನಾಯಿ ಬೊಗಳಿತು. ಮೇಲೆ ಬಂದು ನನ್ನ ಕೈಗೆ ಪೆನ್ನು ಕೊಟ್ಟು, ಎಲ್ಲಿ ಬರೆಯಬೇಕು ಎಂದು ತೋರಿಸಿದರು.

ಅಂದಿನಿಂದ ಅದು ನಮ್ಮಿಬ್ಬರ ತಮಾಷೆಯ ಮಾತಾಯಿತು. ಮಾವಿನ ಕೊಂಬೆ ಕಡಿಸುವಾಗ, ಟಿವಿಯ ಸದ್ದು ತಗ್ಗಿಸಲು ಹೇಳುವಾಗ, ಗ್ಯಾಸಿನವನ ಪುಸ್ತಕಕ್ಕೆ ನನ್ನ ಸಹಿ ಬೇಕಾದಾಗ, ಎಲ್ಲದಕ್ಕೂ ಮೆಟ್ಟಿಲ ಕೆಳಗಿನಿಂದ ಕೂಗುತ್ತಿದ್ದರು: "ಒಪ್ಪಿದೆಯಾ ಸುಮತೀ?" ನಾನು ಮೇಲಿನಿಂದ, "ಒಪ್ಪಿದೆ ಚೇಚಿ." ಅದು ಯಾವ ಭಾಷೆಯ ಒಪ್ಪು ಎಂದು ನಾವು ಕೇಳಿಕೊಳ್ಳುತ್ತಿರಲಿಲ್ಲ. ಆಯಾ ಹೊತ್ತಿಗೆ ಗೊತ್ತಾಗುತ್ತಿತ್ತು.

ನಿಮ್ಮ ಅಮ್ಮನಿಗೆ ನಾನು ಸ್ಲೇಟಿನಲ್ಲಿ ಕನ್ನಡ ಅಕ್ಷರ ಕಲಿಸುವಾಗ ಚೇಚಿ ಪಕ್ಕದಲ್ಲಿ ಕೂತು ತಾವೂ ಕಲಿತರು. ನನ್ನ ಹೆಸರನ್ನು ಬರೆಯುವುದನ್ನು ಮೊದಲು ಕಲಿತರು. "ನಿನ್ನ ಕನ್ನಡ ನನಗೆ ಈಗ ಪಚ್ಚವೆಳ್ಳ," ಎಂದು ಜಂಬ ಪಡುತ್ತಿದ್ದರು. ಬರೀ ನೀರು ಕುಡಿದಷ್ಟು ಸಲೀಸು ಎಂದರ್ಥ. "ನಾನು ಚೋರು ಉಂಡು ಆಯಿತು, ನೀನು ಉಂಡು ಆಯಿತೋ?" ಇದು ಅವರ ಕನ್ನಡ, ಅದರಲ್ಲಿ ಅನ್ನಕ್ಕೆ ಚೋರು. ತಿದ್ದಲು ನನಗೆ ಮನಸ್ಸು ಬರುತ್ತಿರಲಿಲ್ಲ. ಈ ಊರಿನಲ್ಲಿ ನನ್ನೊಡನೆ ನನ್ನ ಮಾತನ್ನು ಆಡಲು ಪ್ರಯತ್ನಪಟ್ಟವರು ಅವರೊಬ್ಬರೇ.

ಅವರ ಮನೆಯಲ್ಲಿ ಒಂದು ಕೋಣೆ ತುಂಬ ಕಬ್ಬಿಣದ ರ‍್ಯಾಕುಗಳು, ಅವುಗಳಲ್ಲಿ ಹೆಸರು ಅಂಟಿಸಿದ ಫೈಲುಗಳು. ಆ ಹೆಸರುಗಳು ವಿಚಿತ್ರ. ಕರೆಂಟಿನ ಕಾಗದಗಳು ಲೈನ್‌ಮ್ಯಾನ್ ಶಶಿಯ ಹೆಸರಿನಲ್ಲಿ, ಬಾವಿ ತೋಡಿಸಿದ ಕಾಗದ ನೆರೆಮನೆಯವರ ಹೆಸರಿನಲ್ಲಿ ಇರುತ್ತಿದ್ದವು. ಒಂದು ದಿನ ಧೈರ್ಯ ಮಾಡಿ ಯಾಕೆ ಹೀಗೆ ಎಂದು ಕೇಳಿದೆ.

"ಆಸ್ಪತ್ರೆಯಲ್ಲಿ ರೋಗಿಯ ಹೆಸರಲ್ಲಿ ಫೈಲು ಇಡುತ್ತಾರೆ," ಎಂದರು. "ಸತ್ತವನು ಬಂದು ತನ್ನ ಕಾಗದ ಕೊಡಿ ಎಂದು ಕೇಳುತ್ತಾನಾ? ಬರುವುದು ಬೈಸ್ಟ್ಯಾಂಡರ್. ಅಳುತ್ತಾ ಬರುತ್ತಾನೆ, ಒಂದು ನಂಬರೂ ನೆನಪಿರುವುದಿಲ್ಲ, ತನ್ನ ಹೆಸರು ಮಾತ್ರ ನೆನಪಿರುತ್ತದೆ. ಅದಕ್ಕೆ ನಾನು ಬೇರೆಯೇ ಒಂದು ಪುಸ್ತಕ ಇಟ್ಟಿದ್ದೆ. ಹುಡುಕಿಕೊಂಡು ಯಾರು ಬರುತ್ತಾರೋ ಅವರ ಹೆಸರಲ್ಲಿ ಇಡಬೇಕು, ಸುಮತೀ."

ಬೈಸ್ಟ್ಯಾಂಡರ್ ಎಂದರೆ ಕೇರಳದ ಆಸ್ಪತ್ರೆಗಳಲ್ಲಿ ರೋಗಿಯ ಜತೆಗೆ ಇರುವವರು. ಚೇಚಿಯ ಜತೆ ಅದೇ ಮನೆಯಲ್ಲಿದ್ದ ಲೀಲಾ ಕೂಡ ಹಾಗೆ ಬಂದವಳೇ. ಅವಳ ತಾಯಿ ವಾರ್ಡಿನಲ್ಲಿ ತೀರಿಕೊಂಡಾಗ ಅವಳಿಗೆ ಇಪ್ಪತ್ತೋ ಇಪ್ಪತ್ತೊಂದೋ. ತಾಯಿಯ ಮರಣದ ಕಾಗದಕ್ಕಾಗಿ ದಾಖಲೆ ಕೋಣೆಯ ಬಾಗಿಲಲ್ಲಿ ದಿನಾ ಬಂದು ನಿಲ್ಲುತ್ತಿದ್ದಳಂತೆ. ಕಾಗದ ಕೈಗೆ ಬಂದ ಮೇಲೂ ಮರುದಿನ ಬಂದು ನಿಂತಳಂತೆ, ಹೋಗಲು ಬೇರೆ ಜಾಗ ಇರಲಿಲ್ಲವಾದ್ದರಿಂದ. ಚೇಚಿ ಅವಳನ್ನು ಮನೆಗೆ ಕರೆದುಕೊಂಡು ಬಂದರು. ಮದುವೆಯಾಗದ ಚೇಚಿಗೆ ಅವಳು, ಅವಳಿಗೆ ಚೇಚಿ. ಅವಳು ಚೇಚಿಯನ್ನು "ಸಾರ್" ಎಂದೇ ಕರೆಯುತ್ತಿದ್ದಳು. ಅಲ್ಲಿ ಕಚೇರಿಯ ಹೆಂಗಸರಿಗೂ ಸಾರ್ ಎನ್ನುವುದು ರೂಢಿ. ಇಪ್ಪತ್ತೈದು ವರ್ಷ ಒಂದೇ ಮನೆಯಲ್ಲಿ ಇದ್ದರೂ ಆ ಸಾರ್ ಹೋಗಲಿಲ್ಲ.

ಚೇಚಿ ಎಂಥವರು ಎಂದು ನನಗೆ ಪೂರ್ತಿ ಗೊತ್ತಾದದ್ದು ಒಂದು ಸಂಜೆ. ಅವರಿನ್ನೂ ಕೆಲಸದಲ್ಲಿದ್ದರು. ಮೂವರು ಗಂಡಸರು ಕಾರಿನಲ್ಲಿ ಬಂದು ಜಗಲಿಯಲ್ಲಿ ಕೂತರು. ಲೀಲಾಳಿಗೆ ಜ್ವರವಿದ್ದುದರಿಂದ ಚಾ ತಂದುಕೊಟ್ಟವಳು ನಾನು. ಆ ಮೂವರ ತಂದೆ ಆಸ್ಪತ್ರೆಯಲ್ಲಿ ಬೆಳಗ್ಗೆ ಹತ್ತೂ ಇಪ್ಪತ್ತಕ್ಕೆ ತೀರಿಕೊಂಡಿದ್ದರು. ಅದೇ ದಿನ ಮಧ್ಯಾಹ್ನದ ಒಂದು ಪತ್ರದಲ್ಲಿ ಆ ತಂದೆಯ ಹೆಬ್ಬೆಟ್ಟು ಇತ್ತು.

"ಒಂದು ಅಂಕಿ ಅಷ್ಟೇ ಸಾರ್," ಎಂದ ದೊಡ್ಡವನು. ದನಿ ಬಹಳ ಮೃದು. "ಯಾರಿಗೂ ತೊಂದರೆ ಇಲ್ಲ. ಹೋದವರು ಹೋದರು."

ಚೇಚಿ ಹೇಳಿದರು: "ಆ ಹೊತ್ತು ಅವರದ್ದು. ನನ್ನದಲ್ಲ, ನಿಮ್ಮದೂ ಅಲ್ಲ. ಮನುಷ್ಯ ಸತ್ತ ಮೇಲೆ ಒಂದು ಚುಕ್ಕೆಯನ್ನೂ ನಾನು ಹಾಕುವುದಿಲ್ಲ, ಒಂದು ಚುಕ್ಕೆಯನ್ನೂ ಅಳಿಸುವುದಿಲ್ಲ. ಚಾ ಕುಡಿಯಿರಿ, ಆರುತ್ತದೆ."

ಅವರು ಚಾ ಕುಡಿದು, ನಮಸ್ಕಾರ ಮಾಡಿ ಹೋದರು. ಆಮೇಲೆ ಒಂದು ತಿಂಗಳು ಪ್ರತಿ ಸಂಜೆ ಅದೇ ಕಾರು ನಮ್ಮ ಗೇಟಿನ ಎದುರು ಬಂದು ನಿಲ್ಲುತ್ತಿತ್ತು. ಯಾರೂ ಇಳಿಯುತ್ತಿರಲಿಲ್ಲ. ಒಂದು ದಿನ ಅಂಚೆಯಲ್ಲಿ ಒಂದು ಕವರ್ ಬಂತು. ಒಳಗೆ ಮರಣ ದಾಖಲೆಯ ಖಾಲಿ ಫಾರಂ. ಹೆಸರಿನ ಜಾಗದಲ್ಲಿ ಚೇಚಿಯ ಹೆಸರು ಬರೆದಿತ್ತು, ಸಮಯದ ಜಾಗ ಖಾಲಿ ಇತ್ತು. ಚೇಚಿ ಅದನ್ನು ಬೆಳಕಿಗೆ ಹಿಡಿದು ನೋಡಿ, ತೂತು ಹೊಡೆದು ಫೈಲಿಗೆ ಹಾಕಿದರು.

"ಯಾರ ಹೆಸರಲ್ಲಿ ಇಟ್ಟಿರಿ?" ಎಂದೆ.

"ಕಳಿಸಿದವನ ಹೆಸರಲ್ಲಿ. ನಾನು ಸತ್ತರೆ ಪೊಲೀಸರಿಗೆ ಹುಡುಕುವುದು ಸುಲಭವಾಗಲಿ." ನಕ್ಕರು. ಆದರೆ ಆ ತಿಂಗಳೆಲ್ಲ ಲೀಲಾಳನ್ನು ಒಬ್ಬಳೇ ಅಂಗಡಿಗೆ ಕಳಿಸಲಿಲ್ಲ.

ನಿಮ್ಮ ಅಜ್ಜ ಹೋದಾಗಲೂ ಅವರು ಕೇಳಿದ್ದು ಅದೇ ಎರಡು ಪ್ರಶ್ನೆ. ನನಗೆ ಸಿಟ್ಟು ಬಂದಿತ್ತು. ಹದಿಮೂರನೆಯ ದಿನ ಒಂದು ಚೀಟಿಯನ್ನು ನನ್ನ ಕೈಯಲ್ಲಿಟ್ಟರು. ಅಜ್ಜನ ಹೆಸರು, ಹೊತ್ತು, ಕೆಳಗೆ "ಜತೆಗಿದ್ದವರು: ಹೆಂಡತಿ ಸುಮತಿ." ಅದನ್ನು ಓದಿದ ಮೇಲೆಯೇ ನನಗೆ ಅಳು ಬಂದದ್ದು. ಆಮೇಲೆ ನಾನು ಆಲುವಕ್ಕೆ, ನಿಮ್ಮ ಅಮ್ಮನ ಮನೆಗೆ ಬಂದೆ. ಚೇಚಿ ವಾರಕ್ಕೆರಡು ಸಲ ಫೋನು ಮಾಡುತ್ತಿದ್ದರು.

ಕೊನೆಯ ಎರಡು ವರ್ಷ ಅವರ ಕಣ್ಣು ಹೋಗುತ್ತಾ ಬಂತು. ಗ್ಲೌಕೋಮಾ ಎಂದರು ಡಾಕ್ಟರು. ಮೊದಲು ಪಕ್ಕದ್ದು ಹೋಯಿತು, ಆಮೇಲೆ ನಡುವಿನದ್ದು. ಒಂದು ದಿನ ಫೋನಿನಲ್ಲಿ, "ಲೀಲಾ ಕೇಳದ ಹಾಗೆ ಹೇಳುತ್ತೇನೆ, ನೀನು ಒಂದು ದಿನ ಬಾ, ಕೆಲಸ ಉಂಟು," ಎಂದರು. ನಾನು ಬೆಳಗಿನ ರೈಲಿಗೆ ಹೋದೆ.

ಲೀಲಾಳನ್ನು ಮದ್ದು ತರಲು ಕಳಿಸಿದ್ದರು. ಮನೆಯಲ್ಲಿ ವೇಲಾಯುಧನ್ ಎನ್ನುವವರು ಕೂತಿದ್ದರು. ಜಮೀನಿನ ದಸ್ತಾವೇಜು, ಉಯಿಲು ಬರೆಯುವ ಕೆಲಸದವರು. ಉಯಿಲಿಗೆ ಅಲ್ಲಿ ಒಸ್ಯತ್ತ್ ಎನ್ನುತ್ತಾರೆ. ಗಂಡಸರ ಎದುರು ಕೂರಲು ಸಂಕೋಚವಾಗಿ ನಾನು ಚಾ ಮಾಡುತ್ತೇನೆ ಎಂದು ಒಳಗೆ ಹೋದೆ. ಹಾಲು ಕಾಯುವಷ್ಟರಲ್ಲಿ ಅವರು ಓದಿ ಹೇಳಿ ಮುಗಿಸಿದ್ದರು. ಚೇಚಿ ಸ್ಕೇಲನ್ನು ಗೆರೆಯ ಕೆಳಗೆ ಇಟ್ಟುಕೊಂಡು, ಬೆರಳಿನಿಂದ ತಡವಿ ಸಹಿ ಮಾಡಿದ್ದರು. ವೇಲಾಯುಧನ್ ಸಾಕ್ಷಿಯಾಗಿ ತಾವೂ ಸಹಿ ಹಾಕಿ, ಚೇಚಿಯೊಡನೆ ಏನೋ ಹೇಳಿ ಚಪ್ಪಲಿ ಮೆಟ್ಟುತ್ತಿದ್ದರು. "ಚಾ ಬೇಡ ಅಮ್ಮಾ, ಕಚೇರಿಗೆ ಹೊತ್ತಾಯಿತು. ಮುಂದಿನ ವಾರ ಗಾಡಿ ತರುತ್ತೇನೆ, ರಿಜಿಸ್ಟರ್ ಮಾಡಿಸಿಬಿಡೋಣ," ಎಂದು ಹೊರಟುಹೋದರು.

ಚೇಚಿ ನನ್ನನ್ನು ಮಂಚದ ಮೇಲೆ ಕೂರಿಸಿಕೊಂಡರು. "ಈ ಮನೆ ಲೀಲಾಳಿಗೆ. ನನ್ನ ಅಣ್ಣನ ಮಗ ಸುಧಾಕರನಿಗೆ ಕೊಚ್ಚಿಯಲ್ಲಿ ಮನೆ ಉಂಟು, ಕೆಲಸ ಉಂಟು. ನಾನು ಹೋದರೆ ಇವಳಿಗೆ ರಸ್ತೆ. ಬರೆದಿಡದೆ ಹೋದರೆ ಅವನು ಒಂದು ದಿನವೂ ಇವಳನ್ನು ಇಲ್ಲಿ ಇಟ್ಟುಕೊಳ್ಳುವುದಿಲ್ಲ. ಈಗ ಇವಳಿಗೆ ಹೇಳಬೇಡ, ಅಳುತ್ತಾಳೆ." ಹೀಗೆ ಹೇಳಿ ಕಾಗದವನ್ನು ನನ್ನ ಕಡೆಗೆ ಚಾಚಿದರು.

ನಾನು ಮಲಯಾಳ ಅಕ್ಷರ ಕೂಡಿಸಿ ನಿಧಾನವಾಗಿ ಓದಿದೆ. ಅವರು ಹೇಳಿದ್ದೇ ಅದರಲ್ಲಿ ಇತ್ತು. ಕೊನೆಯಲ್ಲಿ ಅವರ ಸಹಿ, ವೇಲಾಯುಧನ್ ಸಹಿ, ಅದರ ಕೆಳಗೆ ಒಂದು ಖಾಲಿ ಗೆರೆ, ಗೆರೆಯ ಪಕ್ಕ ಪೆನ್ಸಿಲಿನ ಸಣ್ಣ ಗುಣಿಸು ಚಿಹ್ನೆ. ಅದು ಕಚೇರಿಯ ಮೊಹರಿಗೆ ಇರಬೇಕು ಎಂದುಕೊಂಡೆ. ಇದು ಯಾತಕ್ಕೆ ಎಂದು ಕೇಳಬಹುದಿತ್ತು. ಇಷ್ಟೂ ಗೊತ್ತಿಲ್ಲವಾ ಎಂದಾರು ಎಂದು ಕೇಳಲಿಲ್ಲ.

"ಒಪ್ಪಿದೆಯಾ?" ಎಂದರು ಚೇಚಿ.

ನನಗೆ ಕೇಳಿಸಿದ್ದು ಕನ್ನಡ. ಲೀಲಾಳಿಗೆ ಮನೆ ಕೊಡುವುದಕ್ಕೆ ನಾನು ಒಪ್ಪಿದೆನೇ ಎಂದು ಕೇಳುತ್ತಿದ್ದಾರೆ ಎಂದುಕೊಂಡೆ. ನನ್ನಂಥವಳ ಒಪ್ಪಿಗೆಯನ್ನೂ ಕೇಳುತ್ತಾರಲ್ಲ ಎನ್ನಿಸಿತು.

"ಒಪ್ಪಿದೆ ಚೇಚಿ."

ಕಾಗದ ಹಿಂದೆ ಕೊಟ್ಟೆ. ಅವರು ಅದರ ಮೇಲೆ ಒಮ್ಮೆ ಕೈಯಾಡಿಸಿ, ಮಡಚಿ, ಕವರಿಗೆ ಹಾಕಿ ಗೋಂದು ಹಚ್ಚಿದರು. ಪೆನ್ನು ಹಾಸಿಗೆಯ ಮೇಲೆ, ನನ್ನ ಮೊಣಕಾಲಿನ ಪಕ್ಕದಲ್ಲೇ ಬಿದ್ದಿತ್ತು. ನನ್ನ ಕೈ ಅದರ ಕಡೆಗೆ ಹೋಗಲಿಲ್ಲ. ಅವರಿಗೆ ಅದು ಕಾಣಲಿಲ್ಲ.

ಐದನೆಯ ದಿನ ಲೀಲಾಳ ಫೋನು ಬಂತು. ಅವಳ ದನಿ ಕೇಳಿದ ಕೂಡಲೇ ನನಗೆ ಗೊತ್ತಾಯಿತು. ನನ್ನ ಬಾಯಿಯಿಂದ ಬಂದದ್ದು, "ಎಷ್ಟು ಗಂಟೆಗೆ?"

"ನಾಲ್ಕೂ ಮುಕ್ಕಾಲು," ಎಂದಳು. "ನಾನಿದ್ದೆ."

ಸುಧಾಕರನ್ ಬಂದು ಕ್ರಿಯೆ ಮಾಡಿದ. ಅಂದು ಲೀಲಾಳನ್ನು ಅಡುಗೆಮನೆಗೆ ಕರೆದು ಉಯಿಲಿನ ವಿಷಯ ಹೇಳಿದೆ. ಅವಳು ನಂಬದವಳಂತೆ ನನ್ನನ್ನೇ ನೋಡಿದಳು. ಇಬ್ಬರೂ ಹಾಸಿಗೆ, ದಿಂಬು, ಮಂಚದ ಕೆಳಗೆಲ್ಲ ಹುಡುಕಿದೆವು. ಕವರ್ ಇರಲಿಲ್ಲ. ನಾವು ಹುಡುಕುವುದು ಸುಧಾಕರನ್ ಕಣ್ಣಿಗೆ ಬಿದ್ದಿರಬೇಕು. ಲೀಲಾ ವೇಲಾಯುಧನ್‌ಗೆ ಫೋನು ಮಾಡಿದಳು. "ಅಸಲು ಪ್ರತಿ ಸಾರ್ ಹತ್ತಿರವೇ ಇತ್ತು. ಅದು ಸಿಗಬೇಕು, ಸಿಕ್ಕಿದರೆ ನಾನು ಬಂದು ಸಾಕ್ಷಿ ಹೇಳುತ್ತೇನೆ," ಎಂದರು.

ಒಂದು ವಾರದ ನಂತರ ಸುಧಾಕರನ್ ಆಲುವದ ನಮ್ಮ ಮನೆಗೆ ಬಂದದ್ದು ನಿಮಗೆ ನೆನಪಿರಬಹುದು, ಅವನು ತಂದ ಹಲ್ವ ತಿಂದವರು ನೀವೇ. ಕೊಚ್ಚಿಯ ವಲ್ಲಾರ್ಪಾಡ ಬಂದರಿನಲ್ಲಿ ಕಂಟೇನರ್ ಬಿಡಿಸುವ ಒಂದು ಏಜೆನ್ಸಿಯಲ್ಲಿ ಅವನಿಗೆ ಕೆಲಸ. ಒಗೆದ ಬಿಳಿ ಅಂಗಿ, ಮೆಲುದನಿ. ನಿಮ್ಮ ತಲೆ ಸವರಿ ಎಷ್ಟನೆಯ ಕ್ಲಾಸು ಎಂದು ಕೇಳಿದ. ಆಮೇಲೆ ನನ್ನ ಕಡೆ ತಿರುಗಿದ.

"ಅಪ್ಪಚ್ಚಿ ನಿಮ್ಮನ್ನು ಬಿಟ್ಟು ಬೇರೆ ಯಾರನ್ನೂ ನಂಬುತ್ತಿರಲಿಲ್ಲ, ಆಂಟಿ." ನಮ್ಮ ಮನೆಮಾತಿನಲ್ಲಿ ಅಪ್ಪಚ್ಚಿ ಎಂದರೆ ಚಿಕ್ಕಪ್ಪ, ಅವರಲ್ಲಿ ಅಪ್ಪನ ತಂಗಿ. "ಇಟ್ಟುಕೊಳ್ಳಲು ಏನಾದರೂ ಕೊಟ್ಟಿದ್ದರಾ?"

"ಇಲ್ಲ," ಎಂದೆ. ಅದು ನಿಜ.

"ನೀವು ಹೋದ ದಿನ ಬೇರೆ ಯಾರಾದರೂ ಬಂದಿದ್ದರಾ?"

"ನಾನು ಚಾ ಮಾಡಲು ಒಳಗಿದ್ದೆ." ಅದೂ ನಿಜ.

ಅವನು ನಗುತ್ತಾ ನನ್ನ ಬೀರುವನ್ನು ನೋಡಿದ. ಬೀರುವಿನ ಮೇಲಿನ ಪೆಟ್ಟಿಗೆ ನೋಡಿದ. "ಸಿಕ್ಕಿದರೆ ಮೊದಲು ನನಗೆ ಹೇಳಿ. ಇಂಥ ಕಾಗದ ತಪ್ಪು ಕೈಗೆ ಹೋದರೆ ವಯಸ್ಸಾದವರಿಗೆ ಕೋರ್ಟು ಕಚೇರಿ ಅಲೆದಾಟ, ಅದಕ್ಕೆ ಹೇಳಿದೆ." ಖಾಲಿ ಲೋಟವನ್ನು ತಾನೇ ಅಡುಗೆಮನೆಗೆ ತಂದಿಟ್ಟು ಹೋದ. ನಿಮ್ಮ ಅಮ್ಮ ಎಷ್ಟು ಒಳ್ಳೆಯ ಮನುಷ್ಯ ಎಂದಳು. ಅಂದಿನಿಂದ ಕರೆಗಂಟೆ ಹೊಡೆದರೆ ನಾನು ಮೊದಲು ಕಿಟಕಿಯಲ್ಲಿ ನೋಡತೊಡಗಿದೆ.

ನಾಲ್ಕು ದಿನ ಬಿಟ್ಟು ಲೀಲಾ ಫೋನು ಮಾಡಿದಳು. ಅವಳಿಗೆ ನಾನು ಚೇಚಿ. "ಅವನು ರಜೆ ಹಾಕಿ ಇಲ್ಲೇ ಲಾಡ್ಜಿನಲ್ಲಿ ಇದ್ದಾನೆ ಚೇಚಿ. ದಿನಾ ಎರಡು ಗಂಟೆಗೆ ಬರುತ್ತಾನೆ. ಒಂದು ದಿನಕ್ಕೆ ಒಂದು ಡ್ರಾಯರ್ ತೆಗೆದು, ಎಲ್ಲಾ ನೋಡಿ ಮುಚ್ಚುತ್ತಾನೆ. ಬಯ್ಯುವುದಿಲ್ಲ. ಊಟ ಮಾಡಿದೆಯಾ ಎಂದು ಕೇಳುತ್ತಾನೆ. ನಿನ್ನೆ ಇಬ್ಬರು ಟೇಪು ಹಿಡಿದು ಜಾಗ ಅಳೆದರು. ಹದಿನಾರನೆಯ ದಿನದ ಕ್ರಿಯೆ ಕಳೆದರೆ ಬೀಗ ಬದಲಾಯಿಸುತ್ತಾನಂತೆ. ನನಗೆ ಅವನ ಚಪ್ಪಲಿಯ ಸದ್ದು ಕೇಳಿದರೆ ಸಾಕು, ಹಿತ್ತಲಿಗೆ ಹೋಗಿ ನಿಲ್ಲುತ್ತೇನೆ."

ನಾನು ಮರುದಿನವೇ ಹೊರಟೆ. ಮನೆ ಸೇರುವಾಗ ಹನ್ನೊಂದು ಗಂಟೆ ಕಳೆದಿತ್ತು. ಲೀಲಾಳ ತಗಡಿನ ಪೆಟ್ಟಿಗೆ ಕಟ್ಟಿ ಬಾಗಿಲ ಮೂಲೆಯಲ್ಲಿ ಇತ್ತು. ಫೈಲಿನ ಕೋಣೆಗೆ ಹೋದೆವು. ಎಲ್ಲವೂ ಇದ್ದಲ್ಲೇ ಇದ್ದ ಹಾಗೆ ಕಾಣುತ್ತಿತ್ತು. ಹತ್ತಿರ ಹೋದರೆ, ಭಾರತಿ ಎಂದು ಬರೆದ ಫೈಲು ತಲೆಕೆಳಗಾಗಿ ನಿಂತಿತ್ತು. ಲೀಲಾ ಎಂದು ಬರೆದ ಫೈಲು ತೆಗೆದರೆ ಬರೀ ರಟ್ಟು.

"ಇದರಲ್ಲಿ ನನ್ನ ಅಮ್ಮನ ಮರಣದ ಕಾಗದ ಇತ್ತು," ಎಂದಳು ಲೀಲಾ. "ಅದು ಅವನಿಗೆ ಯಾತಕ್ಕೆ?"

ನಾನು ನೆಲದ ಮೇಲೆ ಕೂತೆ. ಚೇಚಿ ಹೇಗೆ ಯೋಚಿಸಿರಬಹುದು? ಹುಡುಕಿಕೊಂಡು ಯಾರು ಬರುತ್ತಾರೋ ಅವರ ಹೆಸರು. ಉಯಿಲು ಇರುವುದು ಲೀಲಾಳಿಗೆ ಗೊತ್ತಿರಲಿಲ್ಲ, ಅವಳು ಹುಡುಕಿ ಬರುವವಳಲ್ಲ. ಬರುವವಳು ನಾನು. ಸುಮತಿ ಎಂಬ ಫೈಲು ಹುಡುಕಿದೆವು. ಮಲಯಾಳದಲ್ಲಿ ಬರೆದದ್ದು ಒಂದಿತ್ತು. ಅದನ್ನೂ ಯಾರೋ ಬಿಚ್ಚಿ ನೋಡಿದ್ದರು, ಒಳಗೆ ಹಳೆಯ ಬಾಡಿಗೆ ಕರಾರು ಮಾತ್ರ.

ಕೆಳಗಿನ ಸಾಲಿನಲ್ಲಿ ನಿಮ್ಮ ಅಮ್ಮನ ಹಳೆಯ ಕಾಪಿ ಪುಸ್ತಕಗಳ ಕಟ್ಟು ಇತ್ತು. ಚೇಚಿ ಅಕ್ಷರ ಕಲಿತ ಕಾಲದ್ದು. ದಾರ ಹೊಸದಾಗಿತ್ತು. ಬಿಚ್ಚಿದೆ. ಮಧ್ಯದಲ್ಲಿ ಕವರ್. ಅದರ ಮೇಲೆ ಕನ್ನಡದಲ್ಲಿ, ಕಣ್ಣು ಕಾಣದ ಕೈ ಬರೆದ ದೊಡ್ಡ ಓರೆ ಅಕ್ಷರಗಳಲ್ಲಿ, "ಸುಮತಿ." ಸುಧಾಕರನ್ ಆ ಕಟ್ಟನ್ನು ಖಂಡಿತ ಮುಟ್ಟಿದ್ದ. ಕನ್ನಡ ಓದಲು ಬಾರದೆ ಮಕ್ಕಳ ಪುಸ್ತಕ ಎಂದು ಬಿಟ್ಟಿದ್ದ.

ಲೀಲಾ ನನ್ನನ್ನು ತಬ್ಬಿಕೊಂಡು ಅತ್ತಳು. "ಸಿಕ್ಕಿತಲ್ಲ ಚೇಚಿ, ಸಿಕ್ಕಿತಲ್ಲ!" ನಾನು ಕವರ್ ಹರಿದು ಕಾಗದ ಬಿಡಿಸಿದೆ. ಚೇಚಿಯ ಸಹಿ. ವೇಲಾಯುಧನ್ ಸಹಿ. ಅದರ ಕೆಳಗೆ ಖಾಲಿ ಗೆರೆ, ಪೆನ್ಸಿಲಿನ ಗುರುತು. ಗೆರೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಟೈಪು ಮಾಡಿದ್ದನ್ನು ಅಂದು ನಾನು ಓದಿರಲಿಲ್ಲ. ಎರಡನೆಯ ಸಾಕ್ಷಿ. ನನ್ನ ಹೆಸರು, ನಿಮ್ಮ ಅಜ್ಜನ ಹೆಸರು, ಆಲುವದ ನಮ್ಮ ಮನೆಯ ವಿಳಾಸ.

ಒಪ್ಪಿದೆಯಾ ಎಂದು ಅವರು ಕೇಳಿದ್ದು ಸಹಿ ಹಾಕಿದೆಯಾ ಎಂದು. ಮಾತು ಕನ್ನಡ, ಅರ್ಥ ಮಲಯಾಳ. ನನ್ನ ಪ್ರೀತಿಗಾಗಿ ನನ್ನ ಭಾಷೆಯಲ್ಲಿ ಕೇಳಿದರು. ಅಂಚೆಯವನ ಹಾಗೆ "ಒಪ್ಪಿಡಣಂ" ಎಂದಿದ್ದರೆ ನನಗೆ ತಿಳಿಯುತ್ತಿತ್ತು.

"ಎಂತ ಚೇಚಿ?" ಎಂದಳು ಲೀಲಾ.

ಹೇಳಿದೆ. ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ವೇಲಾಯುಧನ್‌ಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು, ನಾನು ಇದ್ದದ್ದು ಹೇಳಿದೆ. "ಅಂದು ನೀವು ಸಹಿ ಇಡಲಿಲ್ಲವಾ ಅಮ್ಮಾ?" ಎಂದರು ಅವರು. "ಎರಡು ಸಾಕ್ಷಿ ಇಲ್ಲದೆ ಅದು ಉಯಿಲೇ ಅಲ್ಲ. ಈಗ ಇಡಿ. ನೀಲಿ ಶಾಯಿ. ನೀವು ನನಗೆ ಫೋನು ಮಾಡಲಿಲ್ಲ, ನಾನು ಏನೂ ಕೇಳಲಿಲ್ಲ."

ಲೀಲಾ ಓಡಿಹೋಗಿ ನೀಲಿ ಪೆನ್ನು ತಂದಳು, ಮುಚ್ಚಳ ತೆಗೆದು ಕೊಟ್ಟಳು. ಗಡಿಯಾರದಲ್ಲಿ ಒಂದೂ ನಲವತ್ತು. ನಾನು ಕಾಗದವನ್ನು ಮೊಣಕಾಲ ಮೇಲೆ ಇಟ್ಟುಕೊಂಡೆ. ಸು ಎಂದು ಬರೆಯಲು ಪೆನ್ನಿನ ತುದಿ ಕಾಗದದ ಹತ್ತಿರ ಹೋಯಿತು.

ಆಗಲಿಲ್ಲ. ಅಲ್ಲಿ ಹೆಸರು ಬರೆದರೆ, ಚೇಚಿ ಬದುಕಿದ್ದ ಹೊತ್ತೊಂದನ್ನು ನಾನು ಹೊಸದಾಗಿ ಮಾಡಿ ಸೇರಿಸಿದ ಹಾಗೆ. ಇಡೀ ಜನ್ಮ ಅದೊಂದನ್ನು ಮಾಡದೆ ಇದ್ದವರ ಕಾಗದದ ಮೇಲೆ.

"ಸಾರ್ ಇದ್ದಿದ್ದರೆ ಹಾಕು ಎನ್ನುತ್ತಿದ್ದರು," ಎಂದಳು ಲೀಲಾ.

"ಇಲ್ಲ ಲೀಲಾ."

"ನೀವೇ ಒಪ್ಪಿದವರಲ್ಲವಾ? ಒಪ್ಪಿದ್ದನ್ನು ಬರೆಯಲು ಏನು?"

ನಾನು ಪೆನ್ನಿಗೆ ಮುಚ್ಚಳ ಹಾಕಿದೆ. ಮಕ್ಕಳೇ, ನನ್ನನ್ನು ತಡೆದದ್ದು ಸತ್ಯವೋ, ಕೋರ್ಟಿನ ಕಟಕಟೆಯಲ್ಲಿ ನಿಂತು ನಾಲ್ಕು ಜನರ ಎದುರು ಮಾತನಾಡಬೇಕಲ್ಲ ಎಂಬ ಹೆದರಿಕೆಯೋ, ನನಗೆ ಇವತ್ತಿಗೂ ಗೊತ್ತಿಲ್ಲ. ಎರಡೂ ಇತ್ತು. ಯಾವುದು ಹೆಚ್ಚು ಎಂದು ಅಳೆಯಲು ಹೋದರೆ ನಿದ್ದೆ ಹೋಗುತ್ತದೆ.

ಗೇಟಿನ ಚಿಲಕದ ಸದ್ದಾಯಿತು. ಎರಡು ಗಂಟೆ.

ಸುಧಾಕರನ್ ಒಳಗೆ ಬಂದು ನನ್ನನ್ನು ಕಂಡು ಆಶ್ಚರ್ಯಪಡಲಿಲ್ಲ. ಕವರನ್ನು ಸೆರಗಿನಲ್ಲಿ ಮುಚ್ಚಬಹುದಿತ್ತು. ನಾನು ಎದ್ದು ನಿಂತು, ಪರಗಂಡಸಿನ ಮುಖ ನೋಡಿ ಜೀವನದಲ್ಲಿ ಮೊದಲ ಸಲ ಇಷ್ಟುದ್ದ ಮಾತನಾಡಿದೆ. "ಇದು ನಿಮ್ಮ ಅಪ್ಪಚ್ಚಿಯ ಒಸ್ಯತ್ತ್. ನನ್ನ ಸಹಿ ಇರಬೇಕಿತ್ತು, ಇಲ್ಲ. ತಪ್ಪು ನನ್ನದು. ಆದರೆ ಅವರ ಮನಸ್ಸು ಇದು. ನನ್ನ ಎದುರೇ ಹೇಳಿದ್ದಾರೆ. ಓದಿ ನೋಡಿ, ನಿಮ್ಮ ಅಪ್ಪಚ್ಚಿಗಾಗಿ ಇವಳನ್ನು ಇಲ್ಲಿ ಇರಲು ಬಿಡಿ."

ಅವನು ನಿಂತುಕೊಂಡೇ ಎರಡು ಸಲ ಓದಿದ. ಬೆರಳನ್ನು ಖಾಲಿ ಗೆರೆಯ ಮೇಲೆ ಇಟ್ಟ, ಅಲ್ಲಿಂದ ತೆಗೆಯಲೇ ಇಲ್ಲ. ಆಮೇಲೆ ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಂಡು, ಕಾಗದವನ್ನು ಮಡಚಿ ನನ್ನ ಕೈಗೇ ಕೊಟ್ಟ.

"ಆಂಟಿ ನೇರ ಮನುಷ್ಯರು," ಎಂದ. "ನೀವು ಸಹಿ ಹಾಕಿಬಿಟ್ಟಿದ್ದರೆ ನಾನು ಏನೂ ಮಾಡುವ ಹಾಗಿರಲಿಲ್ಲ."

ಲೀಲಾಳ ಕಡೆ ತಿರುಗಿ, ಅದೇ ಮೆಲುದನಿಯಲ್ಲಿ, ತಿಂಗಳ ಕೊನೆಯವರೆಗೆ ಇರಬಹುದು ಎಂದ. ಊಟ ಮಾಡಿದೆಯಾ ಎಂದು ಕೇಳಿದ.

ನಿಮ್ಮ ಅಮ್ಮ ಎರ್ನಾಕುಳಂನ ವಕೀಲರೊಬ್ಬರಿಗೆ ಕಾಗದ ತೋರಿಸಿದಳು. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, ಇದರಿಂದ ಏನೂ ಆಗುವುದಿಲ್ಲ ಎಂದರು. ಲೀಲಾಳಿಗೆ ನಮ್ಮ ಮನೆಗೆ ಬಾ ಎಂದು ಕರೆದೆವು. ಅವಳು ಬರಲಿಲ್ಲ. "ನಿಮ್ಮ ಮೇಲೆ ಸಿಟ್ಟಿಲ್ಲ ಚೇಚಿ. ಆದರೆ ದಿನಾ ನಿಮ್ಮ ಮುಖ ನೋಡಿಕೊಂಡು ಅನ್ನ ಇಳಿಯುವುದಿಲ್ಲ," ಎಂದಳು. ತಿಂಗಳ ಕೊನೆಯಲ್ಲಿ ಎಲ್ಲಿಗೆ ಹೋದಳೋ ತಿಳಿಯದು. ಮೊದಲು ಫೋನು ಬಡಿದುಕೊಂಡು ನಿಲ್ಲುತ್ತಿತ್ತು. ಈಗ ಆ ನಂಬರೇ ಇಲ್ಲ ಎನ್ನುತ್ತದೆ. ಉಳ್ಳೂರಿನ ಮನೆಯನ್ನು ಕೆಡವಿದ್ದಾರಂತೆ. ಆ ಫೈಲುಗಳೆಲ್ಲ ಏನಾದವು ಎಂದು ಯಾರನ್ನು ಕೇಳಲಿ?

ಚೇಚಿಯನ್ನು ನಾನು ಕೊನೆಯದಾಗಿ ಕಂಡದ್ದು ಆ ಉಯಿಲಿನ ದಿನವೇ. ಮಧ್ಯಾಹ್ನದ ರೈಲಿಗೆ ಆಟೋ ಬಂದು ನಿಂತಿತ್ತು. ಬೇಡ ಎಂದರೂ ಅವರು ಗೋಡೆ ಹಿಡಿದುಕೊಂಡು ಜಗಲಿಯ ಮೆಟ್ಟಿಲವರೆಗೆ ಬಂದರು. ಅವರ ಮುಖದಲ್ಲಿ ಅಷ್ಟು ಸಮಾಧಾನವನ್ನು ನಾನು ಆವರೆಗೆ ಕಂಡಿರಲಿಲ್ಲ.

"ಎಷ್ಟೋ ದಿನದಿಂದ ನಿದ್ದೆ ಇಲ್ಲ, ಸುಮತೀ," ಎಂದರು. "ಇವತ್ತು ಮಲಗುತ್ತೇನೆ."

ಅಷ್ಟರಲ್ಲಿ ಲೀಲಾ ಮದ್ದಿನ ಪೊಟ್ಟಣ ಹಿಡಿದು ಓಣಿಯಿಂದ ಬಂದಳು. "ಇಬ್ಬರೂ ಏನು ಗುಸುಗುಸು?" ಎಂದು ಸೊಂಟಕ್ಕೆ ಕೈಯಿಟ್ಟು ಗದರಿಸಿದಳು.

"ಕನ್ನಡ," ಎಂದು ನಕ್ಕರು ಚೇಚಿ. "ನಿನಗೆ ತಿಳಿಯುವುದಿಲ್ಲ."

ನಾನು ಹತ್ತಿ ಕೂತೆ. ಆಟೋ ತಿರುಗಿತು. ಚೇಚಿ ಕೈ ಎತ್ತಿ ಬೀಸಿದರು, ನಾನಿದ್ದ ಕಡೆಗಲ್ಲ, ಗೇಟಿನ ಇನ್ನೊಂದು ಕಂಬದ ಕಡೆಗೆ. ಚೇಚೀ, ನಾನು ಈ ಕಡೆ ಇದ್ದೇನೆ ಎಂದು ಕೂಗಬಹುದಿತ್ತು. ಆಟೋದವನು ಇದ್ದ, ನನಗೆ ನಾಚಿಕೆಯಾಯಿತು.